ನದಿಗೆ ಎಸೆದ ನಾಣ್ಯಗಳು

ಕಲ್ಹಣನ ‘ರಾಜತರಂಗಿಣಿ’ಯನ್ನು ನಾನು ಮೊದಲು ತೆರೆದದ್ದು ಕರ್ನಾಟಕದ ನೆಪದಲ್ಲಿ. ಕಾಶ್ಮೀರದ ದೊರೆ ಹರ್ಷ ದಕ್ಷಿಣದ ಬೆಡಗಿಗೆ ಮಾರುಹೋಗಿ ಕರ್ಣಾಟ ಮಾದರಿಯ ನಾಣ್ಯ ಹೊರಡಿಸಿದನೆಂಬ ಮಾತು ಅದರಲ್ಲಿದೆ. ಊರು ಬಿಟ್ಟು ಬಂದು ನಮ್ಮ ಆರನೆಯ ವಿಕ್ರಮಾದಿತ್ಯನ ಆಸ್ಥಾನ ಸೇರಿದ ಬಿಲ್ಹಣನ ಪ್ರಸ್ತಾಪವೂ ಇದೆ. ಆದರೆ ಝೇಲಂ ನದಿಯಲ್ಲಿ ದೋಣಿ ಹತ್ತಿದ ಮೇಲೆ ನನ್ನನ್ನು ಕಾಡಿದ್ದು ಅದೇ ಗ್ರಂಥದ ಇನ್ನೊಂದು ನಾಣ್ಯದ ಕತೆ.

ಝೇಲಂನ ಹಳೆಯ ಹೆಸರು ವಿತಸ್ತಾ. ಶ್ರೀನಗರದ ರಾಜ್‌ಬಾಗ್ ಬಳಿ ಹೊರಟೆವು. ನೀರು ಎಷ್ಟು ನಿಧಾನವಾಗಿತ್ತೆಂದರೆ ಅದು ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಲು ಒಂದು ಎಲೆಯನ್ನು ಹಿಂಬಾಲಿಸಬೇಕಾಯಿತು. ದೋಣಿಯವ ಹುಟ್ಟನ್ನೆತ್ತಿ ದಂಡೆಯ ಮನೆಯೊಂದರ ಮಹಡಿಯನ್ನು ತೋರಿಸಿದ. 2014ರ ಸೆಪ್ಟೆಂಬರ್‌ನಲ್ಲಿ ನೀರು ಅಲ್ಲಿಯವರೆಗೆ ಏರಿತ್ತಂತೆ. ಆ ಸೌಮ್ಯ ನದಿಯ ಮೇಲೆ ಕೂತು ಅದನ್ನು ನಂಬುವುದು ಕಷ್ಟವಾಯಿತು. ಕಾಶ್ಮೀರ ಕಣಿವೆ ಒಂದು ಬಟ್ಟಲು. ಅದರ ನೀರೆಲ್ಲ ಹೊರಹೋಗಲು ಇರುವುದು ಬಾರಾಮುಲ್ಲಾದ ಇಕ್ಕಟ್ಟಾದ ಕಂದರವೊಂದೇ. ಅಲ್ಲಿ ಕಟ್ಟಿಕೊಂಡರೆ ಇಲ್ಲಿ ಮುಳುಗಡೆ.

ಒಂಬತ್ತನೆಯ ಶತಮಾನದಲ್ಲಿ ಆಗಿದ್ದೂ ಇದೇ. ಬೆಟ್ಟಗಳಿಂದ ಉರುಳಿದ ಬಂಡೆಗಳು ನದಿಗೆ ಅಡ್ಡಲಾಗಿ, ಹೊಲಗಳು ಮುಳುಗಿ, ಜನ ಹಸಿದಿದ್ದರು. ಆಗ ಸುಯ್ಯ ಎಂಬವನೊಬ್ಬ ತನಗೆ ಉಪಾಯ ಗೊತ್ತು, ಸಾಧನವಿಲ್ಲ ಎನ್ನುತ್ತ ತಿರುಗುತ್ತಿದ್ದ. ಅವನ ಹೆತ್ತವರು ಯಾರೋ ತಿಳಿಯದು. ಬೀದಿ ಗುಡಿಸುತ್ತಿದ್ದ ಸುಯ್ಯಾ ಎಂಬ ಚಂಡಾಲ ಹೆಂಗಸಿಗೆ ಮುಚ್ಚಿದ ಮಡಕೆಯಲ್ಲಿ ಸಿಕ್ಕ ಕೂಸು ಅವನು. ಅವಳ ಹೆಸರನ್ನೇ ಇಟ್ಟುಕೊಂಡು ಬೆಳೆದ. ಜನ ಅವನನ್ನು ಹುಚ್ಚನೆಂದರು. ದೊರೆ ಅವಂತಿವರ್ಮ (855–883) ಮಾತ್ರ ಹಣ ಕೊಟ್ಟ.

ಸುಯ್ಯ ಆ ಹಣವನ್ನು ದೋಣಿಯಲ್ಲಿ ತುಂಬಿಕೊಂಡು ಹೋಗಿ, ಬಂಡೆ ತುಂಬಿದ್ದ ಜಾಗದಲ್ಲಿ ಎರಡೂ ಕೈಗಳಿಂದ ನೀರಿಗೆ ಎಸೆದ. ಹಸಿದ ಜನ ನಾಣ್ಯ ಹುಡುಕಲು ನೀರಿಗಿಳಿದು ಬಂಡೆಗಳನ್ನು ಎತ್ತಿಹಾಕಿದರು. ನೀರು ಇಳಿಯಿತು. ಆಮೇಲೆ ಅವನು ಏಳು ದಿನ ನದಿಗೆ ಒಡ್ಡು ಕಟ್ಟಿ ತಳವನ್ನು ಶುದ್ಧ ಮಾಡಿಸಿದ. ದಂಡೆಗೆ ಕಲ್ಲಿನ ಏರಿ ಕಟ್ಟಿಸಿದ. ಸುಭಿಕ್ಷದ ಕಾಲದಲ್ಲೂ 200 ದಿನ್ನಾರಕ್ಕೆ ಮಾರುತ್ತಿದ್ದ ಒಂದು ಖಾರಿ ಭತ್ತ 36ಕ್ಕೆ ಇಳಿಯಿತು ಎನ್ನುತ್ತಾನೆ ಕಲ್ಹಣ. ರಾಜರ ಗೆಲುವು, ಒಳಸಂಚು, ಕೊಲೆಗಳೇ ತುಂಬಿರುವ ಗ್ರಂಥದಲ್ಲಿ ಧಾನ್ಯದ ಬೆಲೆಯನ್ನು ಹೀಗೆ ಲೆಕ್ಕವಿಟ್ಟು ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಮರುದಿನ ರಸ್ತೆಯಲ್ಲಿ ಶಾದಿಪುರಕ್ಕೆ ಹೋದೆ. ಸಿಂಧ್ ಎಂಬ ಉಪನದಿ ಝೇಲಂಗೆ ಸೇರುವ ಜಾಗವದು. ಸಂಗಮ ಮೊದಲು ಬೇರೆಡೆ ಇತ್ತು. ಅದನ್ನು ಇಲ್ಲಿಗೆ ಸರಿಸಿದವನು ಸುಯ್ಯನೇ. ಹಳೆಯ ಪಾತ್ರದ ದಂಡೆಯ ಮರಗಳಲ್ಲಿ ಬೆಸ್ತರು ದೋಣಿ ಕಟ್ಟಿದ ಹಗ್ಗದ ಗುರುತುಗಳು ಇನ್ನೂ ಕಾಣುತ್ತವೆ ಎಂದು ಕಲ್ಹಣ ಬರೆದಿದ್ದಾನೆ. ಅವನು ಬರೆದದ್ದು 1148–49ರಲ್ಲಿ, ಸುಯ್ಯನ ಕಾಲಕ್ಕೆ ಸುಮಾರು ಮುನ್ನೂರು ವರ್ಷಗಳ ನಂತರ. ಇತಿಹಾಸಕಾರ ಮರದ ತೊಗಟೆಯನ್ನೂ ದಾಖಲೆಯಾಗಿ ಓದುತ್ತಿದ್ದ.

ಕೊನೆಗೆ ವೂಲರ್ ಸರೋವರ, ಕಲ್ಹಣನ ಮಹಾಪದ್ಮ. ನದಿ ಇದರೊಳಗೆ ಹೊಕ್ಕು, ಹೊರಬರುವಲ್ಲಿ ಸೋಪೋರ್ ಎಂಬ ಊರಿದೆ. ಸುಯ್ಯ ಕಟ್ಟಿದ ಸುಯ್ಯಪುರವೇ ಸೋಪೋರ್. ಪ್ರವಾಹ ಬಂದಾಗ ಹೆಚ್ಚಿನ ನೀರನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಈ ಸರೋವರವೇ. ಇಲ್ಲಿಯ ಮೀನು, ಹಕ್ಕಿಗಳನ್ನು ಕೊಲ್ಲಬಾರದೆಂದು ಸುಯ್ಯ ಕಟ್ಟಳೆ ಮಾಡಿದ್ದ. 1990ರಲ್ಲಿ ವೂಲರ್ ರಾಮ್ಸರ್ ಪಟ್ಟಿಗೆ ಸೇರಿತು. ಆದರೆ ಸೌದೆಗೆಂದು ಸರೋವರದಲ್ಲೇ ನೆಟ್ಟ ವಿಲ್ಲೋ ಮರಗಳು ಹೂಳನ್ನು ಹಿಡಿದಿಟ್ಟು ದಂಡೆಯನ್ನು ಒಳಕ್ಕೆ ತಂದವು. ಈಚೆಗೆ ಅವನ್ನು ಕಡಿದು ಹೂಳೆತ್ತುವ ಕೆಲಸ ನಡೆದಿದೆ. ಸಾವಿರದ ನೂರು ವರ್ಷಗಳ ನಂತರವೂ ಕೆಲಸ ಅದೇ.

ನಮ್ಮ ಚಿಕ್ಕ ದೋಣಿಯ ಸುತ್ತ ಹೆಂಗಸರು ನೀರಿನಿಂದ ಶಿಂಗಾಡೆ ಕಾಯಿ ಎಳೆದು ತೆಗೆಯುತ್ತಿದ್ದರು. ದಂಡೆ ಬಹಳ ಹಿಂದೆ ಉಳಿದಿತ್ತು. ಇಲ್ಲಿ ಆಳ ಎಷ್ಟು ಎಂದು ದೋಣಿಯವನನ್ನು ಕೇಳಿದೆ. ಅವನು ಉತ್ತರ ಕೊಡದೆ ಹುಟ್ಟನ್ನು ನೆಟ್ಟಗೆ ಕೆಳಗಿಳಿಸಿದ. ಅರ್ಧ ಮುಳುಗುವ ಮೊದಲೇ ಅದು ಕೆಸರಿನಲ್ಲಿ ನಿಂತಿತು.