ನೀಲಿ ಕುರಿಂಜಿ ‘ಅಪಾಯ’ದ ಪಟ್ಟಿಯಲ್ಲಿ: ಹೂ ಕಿತ್ತರೆ ಜೈಲು, ಬೀಜ ಉಳಿದರೆ 2034ಕ್ಕೆ ಮತ್ತೆ ಹಬ್ಬ

ಚಿಕ್ಕಮಗಳೂರು: 2022ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಚಂದ್ರದ್ರೋಣ ಪರ್ವತ ಶ್ರೇಣಿಗೆ ನೀಲಿ ಬಣ್ಣ ಬಳಿದ ಕುರಿಂಜಿ ಹೂವನ್ನು ನೋಡಿದವರು ಯಾರೂ ಮರೆತಿಲ್ಲ. ಮುಳ್ಳಯ್ಯನಗಿರಿ ರಸ್ತೆಯ ಉದ್ದಕ್ಕೂ ವಾಹನಗಳ ಸಾಲು, ಗುಡ್ಡದ ತುಂಬ ಮೊಬೈಲ್ ಹಿಡಿದ ಜನ. ಜಾತ್ರೆ ಮುಗಿದು ಜನರೆಲ್ಲ ಮನೆಗೆ ಹೋದ ಮೇಲೆ ಆ ಗಿಡಗಳೂ ಒಣಗಿ ಹೋದವು. ಈಗ ಅದೇ ಜಾಗದಲ್ಲಿ ಹುಲ್ಲಿನ ನಡುವೆ ಬೆಳೆಯುತ್ತಿರುವುದು ಮುಂದಿನ ತಲೆಮಾರು. ಅದು ಉಳಿಯುತ್ತದಾ, ಇಲ್ಲವಾ ಅನ್ನೋದೇ ಪ್ರಶ್ನೆ.

ಏನಿದು ಗಿಡ?

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೊಬಿಲಾಂತಸ್ ಕುಂತಿಯಾನಾ. ಕನ್ನಡದಲ್ಲಿ ಗುರಿಗೆ ಎಂಬ ಹೆಸರೂ ಇದೆ. ಕರ್ನಾಟಕ, ಕೇರಳ, ತಮಿಳುನಾಡಿನ ಎತ್ತರದ ಬೆಟ್ಟಗಳ ಶೋಲಾ ಹುಲ್ಲುಗಾವಲು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇದು ಸಹಜವಾಗಿ ಬೆಳೆಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್‌ಗಿಂತ ಮೇಲೆ ಇದರ ವಾಸ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಹನ್ನೆರಡು ವರ್ಷ ಸುಮ್ಮನೆ ಬೆಳೆಯುವ ಗಿಡ, ಒಂದೇ ಸಲ ಎಲ್ಲವೂ ಒಟ್ಟಿಗೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುತ್ತದೆ. ಮಾವು, ಹಲಸಿನ ಹಾಗೆ ಮುಂದಿನ ವರ್ಷ ಮತ್ತೆ ಹೂ ಬಿಡುವ ಅವಕಾಶ ಇಲ್ಲ. ಹೂ ಬಿಟ್ಟ ಆ ಒಂದು ಋತು ಕೆಟ್ಟರೆ ಹನ್ನೆರಡು ವರ್ಷದ ದುಡಿಮೆಯೇ ನೀರುಪಾಲು.

ಪ್ರತಿ ವರ್ಷ ‘12 ವರ್ಷಕ್ಕೊಮ್ಮೆ’ ಸುದ್ದಿ ಯಾಕೆ?

ಎರಡು ಕಾರಣ ಇವೆ. ಒಂದು, ಎಲ್ಲ ಬೆಟ್ಟಗಳ ಲೆಕ್ಕವೂ ಒಂದೇ ಅಲ್ಲ. ಮುನ್ನಾರ್‌ನಲ್ಲಿ 2006 ಮತ್ತು 2018ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೂ ಬಂತು, ಮುಂದಿನದು 2030ಕ್ಕೆ. ನಮ್ಮ ಗಿರಿಯಲ್ಲಿ 2022ರಲ್ಲಿ ಬಂತು, ಅಂದರೆ ಮುಂದಿನದು 2034ಕ್ಕೆ. ಎರಡು, ಕುರಿಂಜಿಗೆ ಬೇಕಾದಷ್ಟು ಅಣ್ಣತಮ್ಮಂದಿರಿದ್ದಾರೆ. ಇದೇ ಕುಲದಲ್ಲಿ ಜಗತ್ತಿನಲ್ಲಿ 350ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಕೆಲವು ವರ್ಷವರ್ಷವೂ, ಕೆಲವು ಏಳೆಂಟು ವರ್ಷಕ್ಕೊಮ್ಮೆಯೂ ಹೂ ಬಿಡುತ್ತವೆ. ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ ಅರಳಿದ್ದು ಸ್ಟ್ರೊಬಿಲಾಂತಸ್ ಸೆಸಿಲಿಸ್ ಎಂಬ ಬೇರೆ ಪ್ರಭೇದ. ನೀಲಿ ಕಂಡದ್ದೆಲ್ಲ ನೀಲಕುರಿಂಜಿ ಅಲ್ಲ.

‘ವಲ್ನರಬಲ್’ ಅಂದರೆ ಏನು?

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತನ್ನ ಕೆಂಪು ಪಟ್ಟಿಯಲ್ಲಿ ಈ ಗಿಡವನ್ನು 2024ರಲ್ಲಿ ‘ವಲ್ನರಬಲ್’ ವರ್ಗಕ್ಕೆ ಸೇರಿಸಿತು. ಅದಕ್ಕೂ ಮೊದಲು ಈ ಗಿಡದ ಜಾಗತಿಕ ಮೌಲ್ಯಮಾಪನವೇ ಆಗಿರಲಿಲ್ಲ. ಈ ಪಟ್ಟಿಯಲ್ಲಿ ಅಪಾಯದ ಮೆಟ್ಟಿಲು ಮೂರು. ಇದು ಮೊದಲನೆಯದು. ಇದರ ಮೇಲೆ ‘ಎನ್‌ಡೇಂಜರ್ಡ್’, ಅದಕ್ಕೂ ಮೇಲೆ ‘ಕ್ರಿಟಿಕಲಿ ಎನ್‌ಡೇಂಜರ್ಡ್’.

ಯಾವುದೇ ಜೀವಿಯ ಸಂಖ್ಯೆ 10 ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಅವಧಿಯಲ್ಲಿ, ಶೇ 30ಕ್ಕಿಂತ ಹೆಚ್ಚು ಕುಸಿದರೆ ಈ ಮೆಟ್ಟಿಲಿಗೆ ಬರುತ್ತದೆ. ಕುರಿಂಜಿಗೆ ಮೂರು ತಲೆಮಾರು ಅಂದರೆ ಸುಮಾರು 36 ವರ್ಷ.

ಕುಸಿದದ್ದು ಹೇಗೆ?

ಹೂ ಕಿತ್ತವರಿಂದಲೇ ಇಷ್ಟೆಲ್ಲ ಆಯ್ತು ಅಂತ ಹೇಳಲಾಗದು. ದೊಡ್ಡ ಪೆಟ್ಟು ಬಿದ್ದದ್ದು ಗಿಡ ನಿಂತ ನೆಲಕ್ಕೆ. ಹುಲ್ಲುಗಾವಲು ಅಂದರೆ ಬರಡು ಜಾಗ ಎಂಬ ಬ್ರಿಟಿಷರ ಕಾಲದ ಭಾವನೆ ಸ್ವಾತಂತ್ರ್ಯ ಬಂದ ಮೇಲೂ ಹೋಗಲಿಲ್ಲ. ಚಹಾ ತೋಟ, ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬೆಟ್ಟಗಳ ನೆತ್ತಿಯವರೆಗೂ ಹತ್ತಿದವು. ಊಟಿ, ಪಳನಿ ಬೆಟ್ಟಗಳಲ್ಲಿ ಹೊರಗಿಂದ ಬಂದ ವಾಟಲ್ ಮರ ತಾನಾಗಿಯೇ ಹಬ್ಬಿ ಹುಲ್ಲನ್ನು ನುಂಗಿತು. ರಸ್ತೆ, ರೆಸಾರ್ಟ್‌ಗಳು ಉಳಿದ ತುಂಡುಗಳನ್ನೂ ಸೀಳಿದವು.

ಬೇಸಿಗೆಯ ಬೆಂಕಿ ಇನ್ನೊಂದು ಕಂಟಕ. ಚಂದ್ರದ್ರೋಣದ ಹುಲ್ಲಿಗೆ ಬೆಂಕಿ ಬೀಳುವುದು ಹೊಸದಲ್ಲ. ಬೀಜ ಉದುರಿದ ವರ್ಷ ಅಥವಾ ಸಸಿ ಎಳೆಯದಿರುವಾಗ ಬಿದ್ದ ಬೆಂಕಿ ಇಡೀ ಒಂದು ತಲೆಮಾರನ್ನೇ ಸುಡಬಲ್ಲದು. ದಾರಿ ಬಿಟ್ಟು ಗುಡ್ಡಕ್ಕೆ ಜೀಪು ಹತ್ತಿಸುವುದು, ಸೆಲ್ಫಿಗಾಗಿ ತುಳಿಯುವುದು ಇದರ ಜೊತೆಗೆ ಸೇರುತ್ತವೆ.

ಕಾನೂನು ಏನು ಹೇಳುತ್ತೆ?

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 3ನೇ ಅನುಸೂಚಿಯ ಸಸ್ಯಗಳಲ್ಲಿ ನೀಲಕುರಿಂಜಿಯೂ ಒಂದು.

- ಅರಣ್ಯ ಭೂಮಿಯಲ್ಲಿ ಗಿಡ ಕೀಳುವುದು, ಹೂ ಕೊಯ್ಯುವುದು, ಹಾಳು ಮಾಡುವುದು ಅಪರಾಧ.
- ಹಸಿಯಾಗಲಿ ಒಣಗಿದ್ದಾಗಲಿ, ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ.
- ಪರವಾನಗಿ ಇಲ್ಲದೆ ಮನೆಯಂಗಳದಲ್ಲಿ ಬೆಳೆಸುವಂತೆಯೂ ಇಲ್ಲ.
- ಶಿಕ್ಷೆ: 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪರಿಶಿಷ್ಟ ಪಂಗಡದವರು ತಾವು ವಾಸಿಸುವ ಜಿಲ್ಲೆಯಲ್ಲಿ ಸ್ವಂತ ಬಳಕೆಗೆ ಸಂಗ್ರಹಿಸಲು ಕಾಯ್ದೆಯಲ್ಲಿ ವಿನಾಯಿತಿ ಇದೆ.

ಕೇರಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಸುಮಾರು 32 ಚದರ ಕಿ.ಮೀ. ಜಾಗವನ್ನು ಕುರಿಂಜಿಮಲ ಅಭಯಾರಣ್ಯ ಎಂದು ಘೋಷಿಸಿತು. ಆದರೆ ಅಲ್ಲಿ ಜಮೀನಿನ ಗಡಿ, ಪಟ್ಟಾ ತಕರಾರು ವರ್ಷಗಟ್ಟಲೆ ಎಳೆಯಿತು. ಕಾಗದದ ಮೇಲಿನ ಘೋಷಣೆಯಿಂದಷ್ಟೇ ಹೂ ಉಳಿಯುವುದಿಲ್ಲ, ಸುತ್ತಲಿನ ಜನರನ್ನು ಜೊತೆಗೆ ಕರೆದೊಯ್ಯಬೇಕು ಎನ್ನುವುದು ಅಲ್ಲಿಂದ ಕಲಿಯಬೇಕಾದ ಪಾಠ.

ಹೂ ಇಲ್ಲದ ವರ್ಷಗಳೇ ಮುಖ್ಯ

ಹೂ ಬಿಟ್ಟಾಗ ಎಲ್ಲರಿಗೂ ಕಾಳಜಿ. ಹೂ ಇಲ್ಲದಾಗ ಕುರಿಂಜಿ ಬರೀ ಒಂದು ಪೊದೆ. ಅದನ್ನು ಗುರುತಿಸುವವರೂ ಕಡಿಮೆ. ಗಿಡ ಸಾಯುವುದೋ ಉಳಿಯುವುದೋ ತೀರ್ಮಾನವಾಗುವುದು ಮಾತ್ರ ಈ ಹನ್ನೆರಡು ವರ್ಷಗಳಲ್ಲೇ. ಗಿರಿಗೆ ಹೋದವರು ಕಾಲುದಾರಿ ಬಿಟ್ಟು ಇಳಿಯದಿರುವುದು, ಬೀಡಿ-ಸಿಗರೇಟು ಎಸೆಯದಿರುವುದು, ಹುಲ್ಲಿಗೆ ಬೆಂಕಿ ಕಂಡರೆ ತಕ್ಷಣ ಅರಣ್ಯ ಇಲಾಖೆಗೆ ತಿಳಿಸುವುದು ದೊಡ್ಡ ಕೆಲಸವೇನಲ್ಲ. ಇವತ್ತು ಒಂದನೇ ಕ್ಲಾಸಿನಲ್ಲಿರುವ ಮಗು ಹೈಸ್ಕೂಲು ಮುಗಿಸುವ ಹೊತ್ತಿಗೆ ಬೆಟ್ಟ ಮತ್ತೆ ನೀಲಿಯಾಗಬೇಕಾದರೆ ಇಷ್ಟಾದರೂ ಆಗಬೇಕು.