ಸಾರಾಯಿ ನಿಂತ ಮರುದಿನ: ನೆಲ್ಲೂರಿನ ದಿನಕ್ಕೊಂದು ರೂಪಾಯಿ

ಕುಡಿತದಿಂದ ಹಾಳಾದ ಮನೆಗಳ ಕಥೆ ನಮಗೆಲ್ಲ ಗೊತ್ತು. ಹೆಚ್ಚಿನ ಕಥೆಗಳು "ಕೊನೆಗೆ ಅವನು ಕುಡಿತ ಬಿಟ್ಟ" ಎಂಬಲ್ಲಿಗೆ ಮುಗಿದುಹೋಗುತ್ತವೆ. ಬಿಟ್ಟ ಮರುದಿನವೂ ಅಡವಿಟ್ಟ ಒಡವೆ ಅಡವಿನಲ್ಲೇ ಇರುತ್ತದೆ, ಸಾಲಗಾರ ಬಾಗಿಲಲ್ಲೇ ನಿಂತಿರುತ್ತಾನೆ, ಅಕ್ಕಿ ಡಬ್ಬ ಖಾಲಿಯಾಗಿಯೇ ಇರುತ್ತದೆ. ಆ ಮರುದಿನದಿಂದ ಮನೆ ಕಟ್ಟುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಪಕ್ಕದ ರಾಜ್ಯದ ನೆಲ್ಲೂರು ಜಿಲ್ಲೆಯ ಹೆಣ್ಣುಮಕ್ಕಳು ಮೂವತ್ತು ವರ್ಷಗಳ ಹಿಂದೆಯೇ ಉತ್ತರ ಹುಡುಕಿದ್ದರು. ಹೈದರಾಬಾದಿನಲ್ಲಿ ನೆಲೆಸಿರುವ ನಾವು ಕನ್ನಡಿಗರು ಆ ಇತಿಹಾಸವನ್ನು ತಿಳಿದಿರಬೇಕು ಎನ್ನಿಸಿ ಈ ಬರಹ.

1980ರ ದಶಕದಲ್ಲಿ ಅವಿಭಜಿತ ಆಂಧ್ರಪ್ರದೇಶದ ಸರ್ಕಾರ 'ವಾರುಣಿ ವಾಹಿನಿ' ಎಂಬ ಯೋಜನೆಯಡಿ ಸಾರಾಯಿಯನ್ನು ಪ್ಲಾಸ್ಟಿಕ್ ಪ್ಯಾಕೆಟ್‌ಗಳಲ್ಲಿ ಪೂರೈಸತೊಡಗಿತು. ಪ್ಯಾಕೆಟ್ ಆದ್ದರಿಂದ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದಿತ್ತು, ಹೊಲದ ಬದುವಿನಲ್ಲಿ ಕೂತು ಕುಡಿಯಬಹುದಿತ್ತು. ಕುಡಿಯುವ ನೀರು ಬಾರದ ಊರಿಗೂ ಸಾರಾಯಿ ತಪ್ಪದೆ ಬರುತ್ತದೆ ಎಂಬುದು ಆಗ ಹೆಂಗಸರ ದೊಡ್ಡ ದೂರಾಗಿತ್ತು. 1970–71ರಲ್ಲಿ ಸುಮಾರು 39 ಕೋಟಿ ರೂಪಾಯಿ ಇದ್ದ ರಾಜ್ಯದ ಅಬಕಾರಿ ಆದಾಯ 1991–92ರ ಹೊತ್ತಿಗೆ 800 ಕೋಟಿ ದಾಟಿತ್ತು. ಸರ್ಕಾರದ ಪುಸ್ತಕದಲ್ಲಿ ಇದು ಜಮೆ. ಕೂಲಿ ಮನೆಯ ಲೆಕ್ಕದಲ್ಲಿ ಅದೇ ದುಡ್ಡು ಖರ್ಚು.

ಇದೇ ಸಮಯಕ್ಕೆ ನೆಲ್ಲೂರಿನಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ರಾತ್ರಿ ಶಾಲೆಯ ಪಾಠವೊಂದರಲ್ಲಿ ಸೀತಮ್ಮ ಎಂಬ ಕೂಲಿ ಹೆಂಗಸಿನ ಕಥೆಯಿತ್ತು. ದುಡಿದ ದುಡ್ಡೆಲ್ಲ ಗಂಡನ ಕುಡಿತಕ್ಕೆ ಹೋಗುತ್ತದೆ ಎಂಬ ಆ ಕಥೆ ಓದುತ್ತಿದ್ದ ಹೆಂಗಸರಿಗೆ ಹೊಸದೇನಲ್ಲ. ಅದು ಅಕ್ಷರದಲ್ಲಿ ಅಚ್ಚಾಗಿ ಕೈಗೆ ಬಂದದ್ದು ಮಾತ್ರ ಹೊಸದು. ತಮ್ಮ ಮನೆಯ ಗುಟ್ಟು ಎಂದುಕೊಂಡದ್ದು ಊರಿನ ಎಲ್ಲ ಮನೆಗಳ ಲೆಕ್ಕವೇ ಆಗಿತ್ತು ಎಂಬುದು ಆಗ ಎದ್ದು ಕಂಡಿತು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಒಟ್ಟಾಗಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅವರಲ್ಲಿ ಮುಂದೆ ನಿಂತ ರೋಸಮ್ಮನವರಿಗೆ ಕೊನೆಯವರೆಗೂ ಊರಿನ ಹೆಸರೇ ಮನೆತನದ ಹೆಸರಾಯಿತು: ದೂಬಗುಂಟ ರೋಸಮ್ಮ. ಅವರ ಗೆಲುವು 'ಹೆಣ್ಣುಮಕ್ಕಳು ಒಂದಾದರೆ' ಎಂಬರ್ಥದ ತಲೆಬರಹದಲ್ಲಿ ಇನ್ನೊಂದು ಪಾಠವಾಗಿ ಜಿಲ್ಲೆಯ ಹಳ್ಳಿಗಳನ್ನು ಮುಟ್ಟಿತು. 1992ರಲ್ಲಿ ಹೆಂಗಸರು ಊರೂರಲ್ಲಿ ಪ್ಯಾಕೆಟ್ ಸುಟ್ಟರು, ಅಂಗಡಿಗೆ ಅಡ್ಡ ನಿಂತರು, ಸಾರಾಯಿ ಹರಾಜು ನಡೆಯದಂತೆ ತಡೆದರು.

ಫಲವಾಗಿ 1993ರ ಏಪ್ರಿಲ್‌ನಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಸಾರಾಯಿ ನಿಷೇಧವಾಯಿತು, ಅಕ್ಟೋಬರ್‌ನಲ್ಲಿ ಇಡೀ ರಾಜ್ಯದಲ್ಲಿ. 1994ರ ಕೊನೆಗೆ ಎನ್.ಟಿ. ರಾಮರಾವ್ ಮತ್ತೆ ಅಧಿಕಾರಕ್ಕೆ ಬಂದು ಪೂರ್ಣ ಪಾನನಿಷೇಧದ ಘೋಷಣೆ ಮಾಡಿದರು. ಆದರೆ ಬೊಕ್ಕಸ ಬರಿದಾಯಿತು, ಗಡಿಯಾಚೆಯಿಂದ ಕಳ್ಳಸಾಗಣೆ ಬೆಳೆಯಿತು. 1997ರಲ್ಲಿ ಪಾನನಿಷೇಧ ಸಡಿಲವಾಯಿತು. ಪುಸ್ತಕಗಳಲ್ಲಿ ಈ ಚಳವಳಿಯ ಕಥೆ ಹೆಚ್ಚಾಗಿ ಇಲ್ಲಿಗೆ ನಿಲ್ಲುತ್ತದೆ, ಗೆದ್ದು ಸೋತ ಹೋರಾಟವೆಂಬಂತೆ. ಅದೇ ಹೆಂಗಸರು 1993ರಿಂದಾಚೆಗೆ ಮಾಡಿದ ಇನ್ನೊಂದು ಕೆಲಸ ಅಷ್ಟು ಸದ್ದು ಮಾಡಲಿಲ್ಲ.

ಸಾರಾಯಿ ನಿಂತ ಮೇಲೆ ಕೂಲಿಯಲ್ಲಿ ಒಂದಿಷ್ಟು ಕಾಸು ಕೈಯಲ್ಲಿ ಉಳಿಯತೊಡಗಿತು. ಅದರಲ್ಲಿ ದಿನಕ್ಕೊಂದು ರೂಪಾಯಿ ಕೂಡಿಡೋಣ ಎಂದು ಹೆಂಗಸರು ಗುಂಪು ಕಟ್ಟಿದರು. ಜಿಲ್ಲಾಡಳಿತವೂ ಕೈಜೋಡಿಸಿತು. ಈ ಗುಂಪುಗಳಿಗೆ 'ಪೊದುಪುಲಕ್ಷ್ಮಿ' ಎಂದು ಹೆಸರು. ತೆಲುಗಿನಲ್ಲಿ ಪೊದುಪು ಎಂದರೆ ಉಳಿತಾಯ.

ಲೆಕ್ಕ ಹಾಕಿ ನೋಡಿ. ದಿನಕ್ಕೊಂದು ರೂಪಾಯಿಯಂತೆ ತಿಂಗಳಿಗೆ 30, ವರ್ಷಕ್ಕೆ 360. ಕುಡಿತದಲ್ಲಿ ಕಳೆದುಹೋದ ಎಕರೆ ಜಮೀನಿಗಾಗಲಿ, ಚಿನ್ನಕ್ಕಾಗಲಿ ಇದು ಯಾವ ಲೆಕ್ಕ? ಆದರೆ 15 ಜನರ ಗುಂಪಿಗೆ ವರ್ಷಕ್ಕೆ 5,400 ರೂಪಾಯಿ. ಮಗುವಿಗೆ ಜ್ವರ ಬಂದರೆ, ಬಿತ್ತನೆ ಬೀಜ ಬೇಕಾದರೆ ಬಡ್ಡಿ ವ್ಯಾಪಾರಿಯ ಮನೆ ಮೆಟ್ಟಿಲು ಹತ್ತದೆ ಗುಂಪಿನಿಂದಲೇ ಸಾಲ ಪಡೆಯಬಹುದು. ಕಟ್ಟಿದ ಬಡ್ಡಿಯೂ ಗುಂಪಿನ ಪೆಟ್ಟಿಗೆಗೇ ಬಂದು ಬೀಳುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಇದನ್ನೇ.

ನಮ್ಮ ಅಜ್ಜಿಯರೂ ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುತ್ತಿದ್ದರಲ್ಲ, ಇದರಲ್ಲೇನು ಹೆಚ್ಚು ಎಂದು ಕೇಳಬಹುದು. ಚಟ ಹಿಡಿದವನಿಗೆ ಮನೆಯ ಎಲ್ಲ ಡಬ್ಬಿಗಳೂ ಗೊತ್ತಿರುತ್ತವೆ. ಬೇಡಿಯೋ, ಬೆದರಿಸಿಯೋ ಅವನು ಆ ದುಡ್ಡನ್ನು ತೆಗೆಸುತ್ತಾನೆ. ಗುಂಪಿನ ದುಡ್ಡು ಮನೆಯ ಹೊಸ್ತಿಲಾಚೆ ಇರುತ್ತದೆ. "ಕೊಡು" ಎಂದರೆ "ನನ್ನದಲ್ಲ, ಸಂಘದ್ದು" ಎನ್ನಬಹುದು. ಅವಳ ಪರವಾಗಿ 'ಇಲ್ಲ' ಎನ್ನಲು ಇನ್ನೂ 14 ಮಂದಿ ಇದ್ದಾರೆ. ಇಡೀ ದಿನ ಡೇಟಾಬೇಸ್‌ಗಳ ಜೊತೆ ಕೆಲಸ ಮಾಡುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಲವರ ಕಣ್ಣೆದುರು ಬರೆದಿಟ್ಟ ಲೆಕ್ಕವನ್ನು ಒಬ್ಬರು ಸುಮ್ಮನೆ ಅಳಿಸಲಾಗದು.

ಈ ಬಗೆಯ ಗುಂಪುಗಳ ಬೇರು ಕರ್ನಾಟಕದಲ್ಲೂ ಇದೆ. ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದ ಮಧ್ಯಭಾಗದಲ್ಲೇ ಇಂಥ ಸ್ವಸಹಾಯ ಸಂಘಗಳನ್ನು ಬೆಳೆಸಿತ್ತು. 1992ರಲ್ಲಿ ನಬಾರ್ಡ್ 500 ಗುಂಪುಗಳ ಗುರಿಯಿಟ್ಟು ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಮೊದಲು ಉಳಿತಾಯ, ಆಮೇಲೆ ಸಾಲ ಎಂಬುದು ಅದರ ಕ್ರಮ.

ಈ ಕ್ರಮ ತಲೆಕೆಳಗಾದಾಗ ಏನಾಗುತ್ತದೆ ಎಂಬುದನ್ನೂ ಆಂಧ್ರವೇ ಕಂಡಿತು. ಉಳಿತಾಯ ಕೇಳದೆ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳು ಹಳ್ಳಿಗಳಿಗೆ ಬಂದವು. ಒಂದೇ ಮನೆಯಲ್ಲಿ ಹಲವು ಕಂಪನಿಗಳ ಸಾಲ, ಒಂದನ್ನು ತೀರಿಸಲು ಇನ್ನೊಂದು. ವಸೂಲಿಯ ಕಾಟ, ಆತ್ಮಹತ್ಯೆಯ ಸುದ್ದಿಗಳು ಹೆಚ್ಚಿದ ಮೇಲೆ 2010ರ ಅಕ್ಟೋಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಉಳಿತಾಯದ ಗುಂಪಿನಲ್ಲಿ ಬೆನ್ನಿಗೆ ನಿಂತಿದ್ದ ನೆರೆಹೊರೆಯವರೇ ಸಾಲದ ಗುಂಪಿನಲ್ಲಿ ಕಂತಿಗಾಗಿ ಬಾಗಿಲು ತಟ್ಟುವವರಾದರು.

ನಮ್ಮ ಅಪಾರ್ಟ್‌ಮೆಂಟುಗಳಿಗೆ ಸಾರಾಯಿ ಪ್ಯಾಕೆಟ್ ಬರುವುದಿಲ್ಲ ನಿಜ. ಆದರೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದಾದ, ಯಾರಿಗೂ ಕಾಣದಂತೆ ಬಳಸಬಹುದಾದ ಇನ್ನೊಂದು ಪ್ಯಾಕೆಟ್ ಎಲ್ಲರ ಕೈಯಲ್ಲೂ ಇದೆ. ಫೋನಿನ ಬೆಟ್ಟಿಂಗ್, ರಮ್ಮಿಯಲ್ಲಿ ಅಪ್ಪ ಕಟ್ಟಿದ ಮನೆ, ಅಮ್ಮನ ಚಿನ್ನ ಕಳೆದುಕೊಂಡವರು ಓದಿದವರಲ್ಲೂ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಿಷೇಧ ಬೇಕು, ಅದರಿಂದ ಉಸಿರಾಡಲು ಬಿಡುವು ಸಿಗುತ್ತದೆ. ಆದರೆ ಹೋದ ದುಡ್ಡನ್ನು ಅದು ಮನೆಗೆ ತರುವುದಿಲ್ಲ.

ಅದಕ್ಕೆ ನೆಲ್ಲೂರಿನ ದಾರಿಯೇ ಇಂದಿಗೂ ಸರಿ. ಹೋದದ್ದನ್ನೆಲ್ಲ ಒಂದೇ ಏಟಿಗೆ ಮರಳಿ ಗಳಿಸುವ ಆಸೆ ಮತ್ತೊಂದು ಜೂಜಿಗೇ ಕರೆದೊಯ್ಯುತ್ತದೆ. ಸಂಬಳ ಬಂದ ದಿನವೇ ಒಂದು ಸಣ್ಣ ಮೊತ್ತ, ಚಟವಿದ್ದವರ ಕೈಗೆಟುಕದ ಬೇರೆ ಖಾತೆಗೆ ಹೋಗಲಿ. ಹಳೆಯ ಸಾಲ ತೀರಿಸಲು ಹೊಸ ಆಪ್ ಸಾಲ ಬೇಡ. ತಿಂಗಳಿಗೊಮ್ಮೆ ಆ ಲೆಕ್ಕವನ್ನು ಅಕ್ಕನೋ ಗೆಳತಿಯೋ ಜೊತೆಗೆ ಕೂತು ನೋಡಲಿ. ಇಂಥ ಕಷ್ಟವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಲು ನಮ್ಮ ಮಹಿಳಾ ವೇದಿಕೆಯಲ್ಲಿ ಒಂದು ಜಾಗವಿದ್ದರೆ ಇನ್ನೂ ಒಳ್ಳೆಯದು. ನೆಲ್ಲೂರಿನ ಹೆಂಗಸರಿಗೆ ವರ್ಷದ ಕೊನೆಗೆ ಕೂಡಿದ್ದು ತಲಾ 360 ರೂಪಾಯಿ. ಆದರೆ ಅದು ಅವರ ಹೆಸರಿನಲ್ಲಿ ಬರೆದ ದುಡ್ಡಾಗಿತ್ತು, ಆ ಹೆಸರನ್ನು ಅವರೇ ಓದಬಲ್ಲವರಾಗಿದ್ದರು.