ಮೀಡಿಯಾವಿಕಿ ಮತ್ತು ಕರ್ನಾಟಕದ ಭಾಷೆಗಳು

ಮೀಡಿಯಾವಿಕಿ: ಓದುಗರೇ ಬರೆದು ತಿದ್ದಬಹುದಾದ ಜಾಲತಾಣಗಳನ್ನು ಕಟ್ಟುವ ಮುಕ್ತ ತಂತ್ರಾಂಶ. ವಿಕಿಪೀಡಿಯ ನಡೆಯುವುದು ಇದರ ಮೇಲೆ. ಪಿಎಚ್‌ಪಿ ಭಾಷೆಯಲ್ಲಿ ಬರೆದ ಈ ತಂತ್ರಾಂಶವನ್ನು ಜಿಪಿಎಲ್ ಪರವಾನಗಿಯಡಿ ಯಾರು ಬೇಕಾದರೂ ಪಡೆದು, ಬದಲಿಸಿ, ಹೊಸ ವಿಸ್ತರಣೆಗಳನ್ನು ಸೇರಿಸಿಕೊಳ್ಳಬಹುದು. ಕನ್ನಡ, ತುಳು, ಕೊಂಕಣಿ ಮೂರೂ ಭಾಷೆಗಳ ವಿಕಿಪೀಡಿಯಗಳಿಗೆ ಇದೇ ಅಡಿಪಾಯ. ಈ ಭಾಷೆಗಳಿಗೆ ಮೀಡಿಯಾವಿಕಿ ಒಗ್ಗಿದ್ದು ಅದರ ಅರೆಬೆಂದ ರೂಪಗಳನ್ನೇ ಬಳಸಿ, ಕಂಡ ದೋಷಗಳನ್ನು ಹೇಳಿ, ಪಟ್ಟು ಹಿಡಿದು ತಿದ್ದಿಸಿಕೊಂಡವರ ದುಡಿಮೆಯಿಂದ.

ಹುಟ್ಟು

2001ರ ಜನವರಿಯಲ್ಲಿ ಶುರುವಾದಾಗ ವಿಕಿಪೀಡಿಯ ಯೂಸ್‌ಮಾಡ್‌ವಿಕಿ ಎಂಬ ಸಣ್ಣ ಪರ್ಲ್ ತಂತ್ರಾಂಶದ ಮೇಲಿತ್ತು. ಓದುಗರು ಹೆಚ್ಚಿದಂತೆ ಅದು ಭಾರ ತಾಳದಾಯಿತು. ಜರ್ಮನಿಯಲ್ಲಿ ವಿದ್ಯಾರ್ಥಿಯಾಗಿದ್ದ ಮ್ಯಾಗ್ನಸ್ ಮಾನ್ಸ್ಕೆ ಹೊಸದೊಂದನ್ನು ಬರೆದರು. 2002ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಅದಕ್ಕೆ ಬದಲಾಯಿತು. ಅದೇ ವರ್ಷದ ಜುಲೈ ಹೊತ್ತಿಗೆ ಲೀ ಡೇನಿಯಲ್ ಕ್ರಾಕರ್ ಇಡಿಯ ತಂತ್ರಾಂಶವನ್ನು ಮತ್ತೆ ಬರೆದರು. ಇಂದಿನ ಮೀಡಿಯಾವಿಕಿ ಬೆಳೆದದ್ದು ಈ ಬುಡದಿಂದ. ಹೆಸರು ಬಂದದ್ದು 2003ರಲ್ಲಿ.

ಕನ್ನಡ ವಿಕಿಪೀಡಿಯ ಆರಂಭವಾದದ್ದೂ 2003ರ ಜೂನ್‌ನಲ್ಲಿ. ಆ ಕಾಲಕ್ಕೆ ಗಣಕದಲ್ಲಿ ಕನ್ನಡ ಎಂದರೆ ಬಹುಪಾಲು ನುಡಿ ಮತ್ತು ಬರಹ ಎಂಬ ಟೈಪಿಂಗ್ ತಂತ್ರಾಂಶಗಳು. ಅವುಗಳಲ್ಲಿ ಟೈಪಿಸಿದ ಪಠ್ಯ ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿತ್ತು. ವಿಕಿಪೀಡಿಯಕ್ಕೆ ಬೇಕಾದದ್ದು ಎಲ್ಲ ಯಂತ್ರಗಳಿಗೂ ಸಮಾನವಾದ ಅಕ್ಷರಸಂಕೇತ ಪದ್ಧತಿ, ಯೂನಿಕೋಡ್. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದಿತ್ತಾದರೂ, ವಿಂಡೋಸ್ 98 ಇಟ್ಟುಕೊಂಡವರಿಗೆ ಕನ್ನಡ ಪುಟ ಚೌಕಗಳ ಸಾಲಾಗಿ ತೆರೆಯುತ್ತಿತ್ತು. ಹರಿಪ್ರಸಾದ್ ನಾಡಿಗ್, ಯು. ಬಿ. ಪವನಜ ಮೊದಲಾದವರು ಆ ದಿನಗಳಲ್ಲಿ ಲೇಖನ ಬರೆಯುವುದರ ಜೊತೆಗೆ ಯೂನಿಕೋಡ್ ಎಂದರೇನು, ಅದನ್ನು ಹೇಗೆ ಟೈಪಿಸಬೇಕು ಎಂಬುದನ್ನೂ ಜನರಿಗೆ ಹೇಳಿಕೊಡಬೇಕಾಯಿತು. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನು ಮುಂದೆ ಅರವಿಂದ ವಿ. ಕೆ. ರೂಪಿಸಿ ಮುಕ್ತವಾಗಿ ಕೊಟ್ಟರು. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳೂ ಅವರವೇ.

ಪದಗಳ ಕೆಲಸ

ಲೇಖನ ಕನ್ನಡದಲ್ಲಿದ್ದರೂ ಗುಂಡಿಗಳು ಇಂಗ್ಲಿಷಿನಲ್ಲಿದ್ದರೆ ಹೊಸಬ ಅಲ್ಲೇ ತಡವರಿಸುತ್ತಾನೆ. ‘ಸಂಪಾದಿಸಿ’, ‘ಇತಿಹಾಸ’, ‘ಚರ್ಚೆ’ ಇಂಥ ನೂರಾರು ಪದಗುಚ್ಛಗಳನ್ನು ಯಾರಾದರೂ ಒಂದೊಂದಾಗಿ ಕನ್ನಡಕ್ಕೆ ತರಬೇಕು. ಫಿನ್ಲೆಂಡಿನ ನಿಕ್ಲಾಸ್ ಲಾಕ್ಸ್‌ಸ್ಟ್ರೋಮ್ ಇದಕ್ಕೆಂದೇ ಒಂದು ತಾಣ ಕಟ್ಟಿದರು. ಮೊದಲು ಅದರ ಹೆಸರು ‘ಬೀಟಾವಿಕಿ’, ಇಂದು ಟ್ರಾನ್ಸ್‌ಲೇಟ್‌ವಿಕಿ. ಬಿಡುಗಡೆಯಾಗದ ಆವೃತ್ತಿಯ ಪದಗಳೂ ಅಲ್ಲಿಗೆ ಬರುತ್ತವೆ. ಆದ್ದರಿಂದ ಎಚ್ಚರವಿರುವ ಭಾಷೆಯೊಂದಕ್ಕೆ ಹೊಸ ಸೌಲಭ್ಯ ಮೊದಲ ದಿನವೇ ತನ್ನ ನುಡಿಯಲ್ಲಿ ಸಿಗುತ್ತದೆ. ಪ್ರೋಗ್ರಾಮಿಂಗ್ ಬಾರದ ಕನ್ನಡಿಗರಿಗೂ ಈ ತಂತ್ರಾಂಶದ ಒಳಮನೆಗೆ ಬಾಗಿಲು ತೆರೆದದ್ದು ಇಲ್ಲಿ.

ಟೈಪಿಂಗ್ ಮತ್ತು ಫಾಂಟು

2011ರಲ್ಲಿ ಬಂದ ‘ನಾರಾಯಂ’ ವಿಸ್ತರಣೆ ದೊಡ್ಡ ತಿರುವು. ಬೇರೆ ತಂತ್ರಾಂಶ ಹಾಕಿಕೊಳ್ಳದೆ ವಿಕಿ ಪುಟದೊಳಗೇ ಭಾರತೀಯ ಭಾಷೆಗಳನ್ನು ಟೈಪಿಸುವ ಅನುಕೂಲ ಅದು. ಜೊತೆಗೇ ಬಂದ ವೆಬ್‌ಫಾಂಟ್ಸ್ ವಿಸ್ತರಣೆ, ಓದುಗನ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೆ ತಾನೇ ಕಳಿಸುತ್ತಿತ್ತು. ಇವೆರಡೂ ಬೆಸೆದು ‘ಯೂನಿವರ್ಸಲ್ ಲ್ಯಾಂಗ್ವೇಜ್ ಸೆಲೆಕ್ಟರ್’ ಆಯಿತು. ಅದರ ಕನ್ನಡ ಕೀಲಿಮಣೆಗಳ ಪಟ್ಟಿಯಲ್ಲಿ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್‌ಗಳ ಜೊತೆ ನುಡಿ ಬಳಸುವ ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಇದೆ. ನುಡಿಯಲ್ಲಿ ಪಳಗಿದ ಕೈ ಮತ್ತೆ ಹೊಸದಾಗಿ ಕಲಿಯಬೇಕಿಲ್ಲ. ಸರ್ಕಾರಿ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಶಾಲೆಗಳಲ್ಲಿ ನುಡಿ ಕಲಿತವರಿಗೆ ಇದು ಸಣ್ಣ ಉಪಕಾರವಲ್ಲ.

ಎಡವಿದ್ದೂ ಉಂಟು. ಪುಟ ತೆರೆಯುವುದು ನಿಧಾನವಾಗುತ್ತದೆ ಎಂಬ ಕಾರಣಕ್ಕೆ 2014ರ ಆರಂಭದಲ್ಲಿ ಈ ಸೆಲೆಕ್ಟರ್ ಅನ್ನು ತಡೆಹಿಡಿಯಲಾಯಿತು. ಮರಳಿ ಬಂದಾಗ ಫಾಂಟ್ ಕಳಿಸುವ ಭಾಗ ಬೇಕೆಂದವರಿಗೆ ಮಾತ್ರ ಎಂದಾಯಿತು. 2013ರ ವಿಷುವಲ್ ಎಡಿಟರ್‌ನದೂ ಇಂಥದೇ ಕಥೆ. ವಿಕಿ ಸಂಕೇತಗಳ ಗೋಜಿಲ್ಲದೆ ಬರೆಯಲು ಮಾಡಿದ ಉಪಕರಣ ಅದು. ರೋಮನ್ ಲಿಪಿಯಲ್ಲಿ ಒಂದು ಕೀಲಿಗೆ ಒಂದು ಅಕ್ಷರ. ಕನ್ನಡದಲ್ಲಿ ಒತ್ತು, ಗುಣಿತ ಸೇರಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು. ಟೈಪಿಂಗ್ ಸಹಾಯಕ ಹಿಂದಿನ ಕೀಲಿಗಳನ್ನು ನೋಡಿ ಅಕ್ಷರವನ್ನು ಬದಲಿಸುತ್ತ ಹೋಗುವಾಗ, ಹೊಸ ಸಂಪಾದಕ ಅದರ ಜೊತೆ ಹೊಂದಿಕೊಳ್ಳಲು ತಿಣುಕಾಡಿತು. ಇಂಥ ದೋಷ ಆ ಲಿಪಿಯಲ್ಲಿ ದಿನವೂ ಬರೆಯುವವರ ಕಣ್ಣಿಗೇ ಮೊದಲು ಬೀಳುವುದು.

ಪ್ರಯೋಗದ ಕ್ರಮ

ವಿಕಿಮೀಡಿಯ ತಾಣಗಳಿಗೆ, ಅಂದರೆ ವಿಕಿಪೀಡಿಯ ಮತ್ತು ಅದರ ಸೋದರ ಯೋಜನೆಗಳಿಗೆ, ತಂತ್ರಾಂಶದ ಹೊಸ ರೂಪ ಸಾಮಾನ್ಯವಾಗಿ ವಾರಕ್ಕೊಮ್ಮೆ ಬರುತ್ತದೆ. ತಂತ್ರಜ್ಞರು ಇದನ್ನು ‘ಟ್ರೇನ್’ ಎನ್ನುತ್ತಾರೆ. ಮಂಗಳವಾರ ಪರೀಕ್ಷಾ ವಿಕಿಗಳು, ಬುಧವಾರ ವಿಕಿಸೋರ್ಸ್, ವಿಕ್ಷನರಿಯಂಥ ಯೋಜನೆಗಳು, ಗುರುವಾರ ಬಹುಪಾಲು ವಿಕಿಪೀಡಿಯಗಳು. ಹೀಗಾಗಿ ಕನ್ನಡ ವಿಕಿಸೋರ್ಸ್‌ಗೆ ತಲುಪಿದ ಬದಲಾವಣೆ ಕನ್ನಡ ವಿಕಿಪೀಡಿಯಕ್ಕೆ ಮರುದಿನ ಬರುತ್ತದೆ. ನಡುವೆ ಗಂಭೀರ ದೋಷ ಕಂಡರೆ ಟ್ರೇನ್ ನಿಲ್ಲುತ್ತದೆ. ತಮ್ಮದೇ ತಾಣದಲ್ಲಿ ಮೀಡಿಯಾವಿಕಿ ಬಳಸುವ ಹೊರಗಿನವರಿಗಾಗಿ ವರ್ಷಕ್ಕೆರಡು ಬಿಡುಗಡೆ. ಎರಡು ವರ್ಷಕ್ಕೊಮ್ಮೆ ದೀರ್ಘಕಾಲದ ಬೆಂಬಲವುಳ್ಳ ಆವೃತ್ತಿ.

ಇನ್ನೂ ಹಸಿಯಾಗಿರುವ ಸೌಲಭ್ಯಗಳಿಗೆ 2013ರ ನವೆಂಬರ್‌ನಲ್ಲಿ ಬೇರೆ ದಾರಿ ತೆರೆಯಿತು. ಬೀಟಾ ವೈಶಿಷ್ಟ್ಯಗಳನ್ನು ಇಷ್ಟವಿದ್ದವರು ತಮ್ಮ ಖಾತೆಯಲ್ಲಿ ಆರಿಸಿಕೊಳ್ಳಬಹುದು, ಬೇಡವಾದರೆ ತೆಗೆಯಬಹುದು. 2015ರ ಜನವರಿಯಲ್ಲಿ ಕೆಟಲಾನ್ ಮೊದಲಾದ ಎಂಟು ಭಾಷೆಗಳಲ್ಲಿ ಕಾಣಿಸಿಕೊಂಡ ಅನುವಾದ ಉಪಕರಣ ಕನ್ನಡಕ್ಕೆ ಬಂದದ್ದೂ ಹೀಗೆ. ಅನುವಾದದ ವಿಚಾರದಲ್ಲಿ ಕನ್ನಡಕ್ಕೆ ಕಹಿ ಅನುಭವ ಆಗಲೇ ಇತ್ತು. 2010ರ ಆಸುಪಾಸಿನಲ್ಲಿ ಗೂಗಲ್ ಯೋಜನೆಯೊಂದರ ಮೂಲಕ ಇಂಗ್ಲಿಷಿನಿಂದ ಬಂದ ಉದ್ದುದ್ದ ಲೇಖನಗಳ ಭಾಷೆಯನ್ನು ಸಮುದಾಯ ಬಹುಕಾಲ ತಿದ್ದಬೇಕಾಯಿತು. ಹೊಸ ಉಪಕರಣ ಮೂಲ ಮತ್ತು ಅನುವಾದವನ್ನು ಅಕ್ಕಪಕ್ಕ ಇಟ್ಟು, ತಿದ್ದದೆ ಬಿಟ್ಟ ಯಂತ್ರಾನುವಾದ ಹೆಚ್ಚಿದ್ದರೆ ಎಚ್ಚರಿಸುತ್ತದೆ.

ತಂತ್ರಾಂಶದ ಮೂಲ ಸಂಕೇತ 2012ರಲ್ಲಿ ಗಿಟ್ ವ್ಯವಸ್ಥೆಗೆ ಸಾಗಿದ ಮೇಲೆ ಹೊರಗಿನ ಪ್ರೋಗ್ರಾಮರುಗಳು ತಿದ್ದುಪಡಿ ಕಳಿಸುವುದು ಸುಲಭವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ವಿಕಿಮೀಡಿಯ ತಂತ್ರಾಂಶ ಶಿಬಿರಕ್ಕೆ ಇಲ್ಲಿನ ತಂತ್ರಜ್ಞರು ಸೇರಿದರು. ದೋಷಗಳ ದಾಖಲೆ 2014ರಲ್ಲಿ ಬಗ್‌ಜಿಲ್ಲಾದಿಂದ ಫ್ಯಾಬ್ರಿಕೇಟರ್‌ಗೆ ಬಂತು.

ತುಳು, ಕೊಂಕಣಿ

ಹೊಸ ಭಾಷೆಯ ವಿಕಿಪೀಡಿಯ ಮೊದಲು ‘ಇನ್‌ಕ್ಯುಬೇಟರ್’ ಎಂಬ ಕಾವುಗೂಡಿನಲ್ಲಿ ಬೆಳೆಯಬೇಕು. ತಿಂಗಳುಗಟ್ಟಲೆ ಸತತ ಬರವಣಿಗೆ, ಗುಂಡಿಗಳ ಅನುವಾದ ಎರಡೂ ಆದ ಮೇಲೆ ಭಾಷಾ ಸಮಿತಿ ಒಪ್ಪಿಗೆ ಕೊಡುತ್ತದೆ. ಕನ್ನಡ ಲಿಪಿಯಲ್ಲಿ ಬರೆಯುವ ತುಳು ಎಂಟು ವರ್ಷ ಅಲ್ಲಿದ್ದು 2016ರ ಆಗಸ್ಟ್‌ನಲ್ಲಿ ಹೊರಬಂತು.

ಕೊಂಕಣಿ ಕಾದದ್ದು ಒಂಬತ್ತು ವರ್ಷ; ಅದು ಹೊರಬಂದದ್ದು 2015ರಲ್ಲಿ. ಕಾರವಾರ, ಅಂಕೋಲಾ ಕಡೆಗೆ ಈ ಕಥೆ ಹೆಚ್ಚು ಹತ್ತಿರ. ಕಾರವಾರದ ಬಳಿಯ ಚೆಂಡಿಯಾದಿಂದ ಉತ್ತರಕ್ಕೆ ಹೊರಟು ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಗೋವಾ. ಗಡಿಯ ಎರಡೂ ಕಡೆ ಕೊಂಕಣಿ ಕೇಳಿಸುತ್ತದೆ. ಬರಹದಲ್ಲಿ ಮಾತ್ರ ಗೋವಾದಲ್ಲಿ ದೇವನಾಗರಿ ಮತ್ತು ರೋಮನ್, ಕರ್ನಾಟಕದಲ್ಲಿ ಹೆಚ್ಚಾಗಿ ಕನ್ನಡ ಲಿಪಿ. ಒಂದು ಭಾಷೆಗೆ ಒಂದು ಲಿಪಿ ಎಂಬ ಎಣಿಕೆಯ ತಂತ್ರಾಂಶಕ್ಕೆ ಇದು ಕಠಿಣ ಪರೀಕ್ಷೆ. ಕೊಂಕಣಿ ವಿಕಿಪೀಡಿಯ ಮೂರೂ ಲಿಪಿಗಳಿಗೆ ಜಾಗ ಕೊಟ್ಟಿತು. ಗೋವಾ ವಿಶ್ವವಿದ್ಯಾಲಯ 2013ರಲ್ಲಿ ತನ್ನ ‘ಕೊಂಕಣಿ ವಿಶ್ವಕೋಶ’ವನ್ನು ಮುಕ್ತ ಪರವಾನಗಿಗೆ ಒಪ್ಪಿಸಿದ್ದು ಅದಕ್ಕೆ ಬಲವಾಯಿತು. ಅಲ್ಲಿನ ಬರಹ ಹೆಚ್ಚಿನಂಶ ದೇವನಾಗರಿ ಮತ್ತು ರೋಮನ್‌ನಲ್ಲಿದೆ. ಕನ್ನಡ ಲಿಪಿಯ ಪಾಲು ಚಿಕ್ಕದು.

ಆ ಪಾಲು ಬೆಳೆಯಬೇಕಾದರೆ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಉತ್ತರ ಕನ್ನಡದವರೇ ಬರೆಯಬೇಕು. ಅಂಕೋಲೆಯ ಹಾಲಕ್ಕಿ ಸಮುದಾಯದ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಕುರಿತ ಬರಹವನ್ನು ನೆರೆಯವರಿಗಿಂತ ಚೆನ್ನಾಗಿ ತಿದ್ದಬಲ್ಲವರು ಯಾರು? ಖಾತೆ ತೆರೆಯಲು ಹಣ ಬೇಕಿಲ್ಲ. ಟೈಪಿಂಗ್ ಸಹಾಯಕ ಪುಟದಲ್ಲೇ ಇದೆ. ಪದ ತಪ್ಪಿದ್ದರೆ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ತಿದ್ದಬಹುದು, ತಂತ್ರಾಂಶ ಕೈಕೊಟ್ಟರೆ ಫ್ಯಾಬ್ರಿಕೇಟರ್‌ನಲ್ಲಿ ದೂರು ಬರೆಯಬಹುದು.